ಸಾಣೆಕಲ್ಲಿನ ಅಳತೆ: ಮಂಡ್ಯ ಸೀಮೆಯಲ್ಲಿ ಜ್ಯೇಷ್ಠಮಧು

ಶ್ರೀರಂಗಪಟ್ಟಣ, ಪಾಂಡವಪುರ, ಕೃಷ್ಣರಾಜಪೇಟೆ, ನಾಗಮಂಗಲ ತಾಲ್ಲೂಕುಗಳ ಹೊಲ, ಬೇಲಿ, ಕುರುಚಲು ಕಾಡುಗಳಲ್ಲಿ ಎಲ್ಲಿ ಹುಡುಕಿದರೂ ಜ್ಯೇಷ್ಠಮಧುವಿನ ಗಿಡ ಕಾಣದು. ಮೆಡಿಟರೇನಿಯನ್ ತೀರದಿಂದ ಇರಾನ್, ಅಫ್ಘಾನಿಸ್ತಾನಗಳನ್ನು ದಾಟಿ ಮಧ್ಯ ಏಷ್ಯಾದವರೆಗೆ ಹಬ್ಬಿದ ಸೀಮೆಯೇ ಅದರ ತೌರು. ಆದರೂ ಇಲ್ಲಿನ ಗ್ರಂಥಿಗೆ ಅಂಗಡಿಗಳಲ್ಲಿ ಆ ಹಳದಿ ತಿರುಳಿನ ಬೇರು ಸಿಗುತ್ತದೆ, ಮನೆಮದ್ದಿನ ಡಬ್ಬಿಯಲ್ಲಿ ಬಜೆ, ಹಿಪ್ಪಲಿಗಳ ಪಕ್ಕ ಅದಕ್ಕೂ ಜಾಗವಿದೆ. ಬೇರು ಹೊರಗಿನಿಂದ ಬಂದದ್ದಾದರೂ ಅದನ್ನು ಬಳಸುವ ಅಳತೆ ಇಲ್ಲಿಯ ಮನೆಗಳಲ್ಲಿ ಬೇರೂರಿದೆ. ಈ ಮದ್ದಿನ ಚರಿತ್ರೆಯಲ್ಲಿ ಆ ಅಳತೆಗೇ ಹೆಚ್ಚಿನ ಬೆಲೆ ಕೊಡಬೇಕೆಂಬುದು ನನ್ನ ವಾದ.

ಚರಕಸಂಹಿತೆಯು ಜ್ಯೇಷ್ಠಮಧುವನ್ನು (ಸಂಸ್ಕೃತದಲ್ಲಿ ಯಷ್ಟಿಮಧು) ಕಂಠಕ್ಕೆ ಹಿತವಾದ ಹತ್ತು ದ್ರವ್ಯಗಳಲ್ಲಿ ಒಂದಾಗಿ ಎಣಿಸುತ್ತದೆ. ಅದೇ ಪಟ್ಟಿಯಲ್ಲಿ ಕಬ್ಬಿನ ಬೇರೂ ಇರುವುದನ್ನು ಕಬ್ಬಿನ ನಾಡಿನವರಾದ ನಾವು ಗಮನಿಸಬೇಕು. ಬುದ್ಧಿಗೆ ಬಲ ಕೊಡುವ ಮೇಧ್ಯ ರಸಾಯನಗಳಲ್ಲಿ ಯಷ್ಟಿಮಧುವಿನ ಚೂರ್ಣವನ್ನು ಹಾಲಿನೊಡನೆ ಸೇವಿಸಲು ಅದು ಹೇಳುತ್ತದೆ. ಯುನಾನಿ ವೈದ್ಯದಲ್ಲಿ ಇದೇ ಬೇರು ಅಸ್ಲ್-ಉಸ್-ಸೂಸ್. ಕೆಮ್ಮು, ಎದೆಯ ಕಫಕ್ಕೆ ಹಕೀಮರು ಇದನ್ನು ಕೊಡುತ್ತಾರೆ. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಟಿಪ್ಪುವಿನ ಗ್ರಂಥಭಂಡಾರ ಬ್ರಿಟಿಷರ ಕೈ ಸೇರಿತು. ಚಾರ್ಲ್ಸ್ ಸ್ಟುವರ್ಟ್ 1809ರಲ್ಲಿ ಪ್ರಕಟಿಸಿದ ಅದರ ಸೂಚಿಯಲ್ಲಿ ವೈದ್ಯಗ್ರಂಥಗಳಿಗೇ ಒಂದು ಭಾಗವಿದೆ. ಪಂಡಿತರ ಆಯುರ್ವೇದವೂ ಹಕೀಮರ ಯುನಾನಿಯೂ ಕಾವೇರಿಯ ಈ ದಂಡೆಯಲ್ಲಿ ಒಟ್ಟಿಗೆ ಬಾಳಿದವು. 1908ರಲ್ಲಿ ಮೈಸೂರಿನಲ್ಲಿ ಆಯುರ್ವೇದ ಕಾಲೇಜು ತೆರೆದದ್ದು ಅದರ ಮುಂದಿನ ಅಧ್ಯಾಯ.

ಗ್ರಂಥಗಳಿಗಿಂತ ಬಾಣಂತಿಯ ಕೋಣೆ ನನಗೆ ದೊಡ್ಡ ಆಕರ. ಎಣ್ಣೆನೀರು ಹಾಕಿ ಒರೆಸಿದ ಮಗುವನ್ನು ಕಾಲ ಮೇಲೆ ಮಲಗಿಸಿಕೊಂಡು ಅಜ್ಜಿ ಸಾಣೆಕಲ್ಲು ಹತ್ತಿರ ಎಳೆದುಕೊಳ್ಳುತ್ತಾರೆ. ಕಲ್ಲಿನ ಮೇಲೆ ನಾಲ್ಕು ಹನಿ ತಾಯಿಹಾಲು. ಬಜೆ ಒಂದು ಸುತ್ತು, ಜಾಯಿಕಾಯಿ ಒಂದು ಸುತ್ತು, ಅಳಲೆಕಾಯಿ, ಜ್ಯೇಷ್ಠಮಧು ಎರಡು ಸುತ್ತು. ತೇಯ್ದ ಗಂಧವನ್ನು ಬೆರಳ ತುದಿಯಲ್ಲಿ ತೆಗೆದು ನಾಲಿಗೆಗೆ ಸವರುತ್ತಾರೆ. ಸುತ್ತಿನ ಲೆಕ್ಕವೇ ಇಲ್ಲಿ ತಕ್ಕಡಿ. ಮಗು ಬೆಳೆದಂತೆ ಸುತ್ತು ಹೆಚ್ಚುತ್ತದೆ, ಭೇದಿಯಾದರೆ ಒಂದನ್ನು ಬಿಟ್ಟು ಇನ್ನೊಂದನ್ನು ತೇಯುತ್ತಾರೆ. ಹೀಗೆ ಮೈಗೆ ಸೇರುವ ಬೇರು ತೀರಾ ಅಲ್ಪ. (ಇಂದಿನ ಮಕ್ಕಳ ವೈದ್ಯರು ಆರು ತಿಂಗಳವರೆಗೆ ಎದೆಹಾಲಲ್ಲದೆ ಬೇರೇನೂ ಬೇಡವೆನ್ನುತ್ತಾರೆ, ಅದನ್ನು ಪಾಲಿಸುವುದೇ ಸರಿ.)

ಬೇಲಿಗಳಲ್ಲಿ ಹಬ್ಬುವ ಗುಲಗಂಜಿಯನ್ನು ಜ್ಯೇಷ್ಠಮಧುವಿನ ಬದಲಿಯಾಗಿ ಬಳಸಿದ್ದೂ ಉಂಟು. ಅದರ ಎಲೆ ಅಗಿದರೆ ಸಿಹಿ. 1868ರ ಬ್ರಿಟಿಷ್ ಕಾಲದ ಭಾರತೀಯ ಔಷಧಕೋಶ ಅದರ ಬೇರನ್ನು ಜ್ಯೇಷ್ಠಮಧುವಿನ ಸ್ಥಾನದಲ್ಲಿ ಒಪ್ಪಿಕೊಂಡಿತ್ತು. ಆದರೆ ಅಕ್ಕಸಾಲಿಗರು ಚಿನ್ನ ತೂಗುತ್ತಿದ್ದ ಆ ಕೆಂಪು ಬೀಜದೊಳಗೆ ಅಬ್ರಿನ್ ಎಂಬ ಘೋರ ವಿಷವಿದೆ. ಆಯುರ್ವೇದವು ಗುಂಜೆಯನ್ನು, ಅಂದರೆ ಗುಲಗಂಜಿಯನ್ನು, ಉಪವಿಷಗಳಲ್ಲಿ ಸೇರಿಸಿದ್ದು ಸುಮ್ಮನೆ ಅಲ್ಲ. ಅಗ್ಗಕ್ಕೆ ಸಿಗುತ್ತದೆಂದು ಮನೆಯಲ್ಲಿ ಈ ಬದಲಿಗೆ ಕೈಹಾಕಲೇಬಾರದು.

ಆಧುನಿಕ ವೈದ್ಯಕ್ಕೆ ಜ್ಯೇಷ್ಠಮಧುವಿನ ಎರಡು ಮುಖವೂ ಒಟ್ಟಿಗೇ ಕಂಡವು. 1946ರಲ್ಲಿ ನೆದರ್‌ಲ್ಯಾಂಡ್ಸ್‌ನ ವೈದ್ಯ ರೆವರ್ಸ್ ಜಠರದ ಹುಣ್ಣಿಗೆ ಇದರ ಸಾರ ಕೊಟ್ಟು ಗುಣ ಕಂಡರು. ಜೊತೆಗೆ ಕೆಲವು ರೋಗಿಗಳ ಮೈ ಊದಿಕೊಂಡದ್ದನ್ನೂ ದಾಖಲಿಸಿದರು. 1960ರ ದಶಕದಲ್ಲಿ ಬ್ರಿಟನ್ನಿನಲ್ಲಿ ಇದರಿಂದಲೇ ರೂಪುಗೊಂಡ ಕಾರ್ಬೆನಾಕ್ಸಲೋನ್ ಹುಣ್ಣಿನ ಔಷಧವಾಗಿ ಬಂತು, ಊತದ ತೊಂದರೆ ಅದನ್ನೂ ಬಿಡಲಿಲ್ಲ. ಕಾರಣ ಸ್ಪಷ್ಟವಾದದ್ದು 1980ರ ದಶಕದಲ್ಲಿ. ಬೇರಿನ ಸಿಹಿಗೆ ಮೂಲವಾದ ಗ್ಲಿಸರೈಜಿನ್ ಕರುಳಿನಲ್ಲಿ ಮಾರ್ಪಟ್ಟು, ಮೂತ್ರಪಿಂಡದಲ್ಲಿ ಕಾರ್ಟಿಸಾಲನ್ನು ನಿಷ್ಕ್ರಿಯಗೊಳಿಸುವ ಕಿಣ್ವವನ್ನು ತಡೆಯುತ್ತದೆ. ಆಗ ಕಾರ್ಟಿಸಾಲ್, ಉಪ್ಪನ್ನು ಹಿಡಿದಿಡುವ ಹಾರ್ಮೋನಾದ ಆಲ್ಡೋಸ್ಟೆರೋನಿನಂತೆ ವರ್ತಿಸುತ್ತದೆ. ಉಪ್ಪು, ನೀರು ಮೈಯಲ್ಲೇ ನಿಂತು ಪೊಟ್ಯಾಸಿಯಂ ಹೊರಹೋಗುತ್ತದೆ, ರಕ್ತದೊತ್ತಡ ಏರುತ್ತದೆ.

ಇಲ್ಲಿಯೇ ಅಳತೆಯ ಪ್ರಶ್ನೆ ಬರುತ್ತದೆ. ಭಾರತದ ಆಯುರ್ವೇದ ಔಷಧಕೋಶ ಚೂರ್ಣದ ಪ್ರಮಾಣವನ್ನು 2ರಿಂದ 4 ಗ್ರಾಂ ಎಂದು ಗೊತ್ತುಮಾಡಿದೆ. ಯುರೋಪಿನ ಆಹಾರ ತಜ್ಞರ ಸಮಿತಿ ದಿನನಿತ್ಯದ ಬಳಕೆಯಲ್ಲಿ ಗ್ಲಿಸರೈಜಿನ್ 100 ಮಿಲಿಗ್ರಾಂ ದಾಟಬಾರದೆಂದಿದೆ. ಬೇರಿನಲ್ಲಿ ಅದು ಶೇ. 5ರಷ್ಟಿದೆ ಎಂದಿಟ್ಟುಕೊಂಡರೆ 2 ಗ್ರಾಮಿಗೇ ಆ ಮಿತಿ ಮುಟ್ಟಿತು. ಕೆಲವು ದಿನದ ಕೆಮ್ಮಿಗೆ ವೈದ್ಯರು ಕೊಡುವ ಚೂರ್ಣ ಬೇರೆ, ತಿಂಗಳುಗಟ್ಟಲೆ ಚಮಚದಲ್ಲಿ ತೆಗೆದುಕೊಳ್ಳುವ ಪುಡಿ ಬೇರೆ. ಗಂಟಲು ಕಟ್ಟಿದಾಗ ಒಂದು ಚೂರು ಅಗಿಯುವವರಿಗೆ ಇದರಿಂದ ಭಯವಿಲ್ಲ. ಬಿ.ಪಿ. ಇರುವವರು, ಮೂತ್ರ ಹೆಚ್ಚಿಸುವ ಮಾತ್ರೆ ನುಂಗುವವರು, ಗರ್ಭಿಣಿಯರು ಮಾತ್ರ ಪೊಟ್ಟಣ ಬಿಚ್ಚುವ ಮೊದಲು ವೈದ್ಯರನ್ನು ಕೇಳಬೇಕು. ನಾಗಮಂಗಲವಾಗಲಿ ಕೆ.ಆರ್. ಪೇಟೆಯಾಗಲಿ, ಏರಿದ ಬಿ.ಪಿ. ಹಿಡಿದು ಬಂದವರನ್ನು ಆಸ್ಪತ್ರೆಯವರು ‘ಮನೆಯಲ್ಲಿ ಯಾವ ಕಷಾಯ ಕುಡೀತಿದ್ದೀರಿ?’ ಎಂದೂ ಕೇಳುವಂತಾಗಬೇಕು.