ಮಲಗಿದರೆ ಕಾರ್ಡು, ಎದ್ದರೆ ಕಾಸು

ಹೊಸಪೇಟೆ ಬಸ್ ನಿಲ್ದಾಣದಲ್ಲಿ ಕಂಪ್ಲಿ ಕಡೆಯ ಹೆಣ್ಣುಮಗಳೊಬ್ಬರು ಸಿಕ್ಕಿದ್ರು. ಗಂಡನಿಗೆ ಲಕ್ವ ಹೊಡೆದಿದೆ. ಆಸ್ಪತ್ರೆಯಲ್ಲಿದ್ದಷ್ಟು ದಿನ ಆಯುಷ್ಮಾನ್ ಕಾರ್ಡು ನಡೀತು. ಈಗ ಫಿಸಿಯೋಥೆರಪಿಗೆ ಕರ್ಕೊಂಡು ಬರ್ತಾರೆ, ಪ್ರತಿ ಸಲವೂ ಕೈಯಿಂದಲೇ ದುಡ್ಡು. "ಮಲ್ಕೊಂಡ್ರೆ ಕಾರ್ಡ್ ನಡೀತೈತಿ ಸರ್, ಎದ್ದು ನಿಂತ್ರೆ ನಡಿಯಂಗಿಲ್ಲ" ಅಂದ್ರು.

1948ರಿಂದ 2018ರವರೆಗಿನ ಇತಿಹಾಸವನ್ನು ಆ ತಾಯಿ ಒಂದೇ ಮಾತಲ್ಲಿ ಹೇಳಿಬಿಟ್ರು. ಹೇಗೆ ಅಂತೀರಾ? ನೋಡಿ.

1948ರಲ್ಲಿ ಇಎಸ್‌ಐ ಕಾಯ್ದೆ ಬಂತು. ಹೊರರೋಗಿಗೂ ಅಲ್ಲಿ ಚಿಕಿತ್ಸೆ ಉಂಟು. ಒಳ್ಳೆಯ ಕಾನೂನೇ. ಆದರೆ ಗಣಿ ಕಾಯ್ದೆಗೆ ಒಳಪಟ್ಟ ಗಣಿಗಳನ್ನು ಅದು 'ಕಾರ್ಖಾನೆ'ಯ ಲೆಕ್ಕದಿಂದ ಹೊರಗಿಟ್ಟಿತು. ಸಂಡೂರಿನ ಅದಿರು ಗಣಿ ಅಲ್ಲೇ ತಪ್ಪಿತು. ಹಂಪಿಯ ಆಟೊದವರು, ಕಂಪ್ಲಿಯ ಗದ್ದೆ ಕೂಲಿಯವರಂತೂ ಮೊದಲೇ ಹೊರಗೆ.

2003ರಲ್ಲಿ ಯಶಸ್ವಿನಿ ಶುರುವಾಯ್ತು. ಸಹಕಾರ ಸಂಘದ ರೈತ ತಿಂಗಳಿಗೆ 5 ರೂಪಾಯಿಯಂತೆ ವರ್ಷಕ್ಕೆ 60 ರೂಪಾಯಿ ಕಟ್ಟಿದರೆ ಆಪರೇಷನ್ ಆಗ್ತಿತ್ತು. 2010ರಲ್ಲಿ ವಾಜಪೇಯಿ ಆರೋಗ್ಯಶ್ರೀ ಬಂತು, ಮೊದಲು ನಮ್ಮ ಬಳ್ಳಾರಿ ಸೇರಿದ ಗುಲ್ಬರ್ಗಾ ವಿಭಾಗಕ್ಕೇ. ಬಡವರ ಹೃದಯ, ಕ್ಯಾನ್ಸರ್ ಚಿಕಿತ್ಸೆಗೆ ಆಸರೆಯಾಯ್ತು. 2018ರಲ್ಲಿ ಆಯುಷ್ಮಾನ್: ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ.

ಎಷ್ಟೋ ಜೀವ ಉಳಿದವು, ಅದನ್ನು ಅಲ್ಲಗಳೆಯಲ್ಲ. ಆದರೆ ನಿಯಮ ಓದಿ. ದಾಖಲಾಗುವ ಮುಂಚಿನ 3 ದಿನ, ಬಿಡುಗಡೆಯಾದ ಮೇಲಿನ 15 ದಿನದ ಖರ್ಚು ಪ್ಯಾಕೇಜಿನಲ್ಲಿದೆ. ಹೊರರೋಗಿ ಚಿಕಿತ್ಸೆ ಇಲ್ಲ. ಲಕ್ವ ಹೊಡೆದ ಕೈಗೆ ಬಲ ಬರೋದು 15 ದಿನಕ್ಕಾ? ತಿಂಗಳುಗಟ್ಟಲೆ ಬೇಕು.

ಸರ್ಕಾರದ ಅಂಜಿಕೆಯೂ ಪೂರ್ತಿ ಸುಳ್ಳಲ್ಲ. ಹಾಸಿಗೆ ಎಣಿಸಬಹುದು, ವ್ಯಾಯಾಮ ಮಾಡಿಸಿದ್ದನ್ನು ಎಣಿಸೋದು ಕಷ್ಟ. ಸುಳ್ಳು ಬಿಲ್ಲು ಬರಬಹುದು. ಆದರೆ ರೇಷನ್ ಅಂಗಡಿಯಲ್ಲಿ ಹೆಬ್ಬೆಟ್ಟು ಒತ್ತಿಸಿಕೊಂಡು ಅಕ್ಕಿ ಕೊಡೋ ನಮಗೆ, ಫಿಸಿಯೋಥೆರಪಿಗೆ ಹಾಜರಿ ಹಾಕೋದು ಅಷ್ಟು ಕಷ್ಟವಾ?

2021ರಲ್ಲಿ ವಿಜಯನಗರ ಜಿಲ್ಲೆಯಾಯ್ತು. ಹೊಸಪೇಟೆ ಜಿಲ್ಲಾ ಕೇಂದ್ರವಾಯ್ತು. ಕಂಪ್ಲಿ, ಸಂಡೂರು ಬಳ್ಳಾರಿಯಲ್ಲೇ ಉಳಿದವು. ನಕ್ಷೆ ಬದಲಾಯ್ತು, ಆ ನಿಯಮ ಮಾತ್ರ ಎರಡೂ ಜಿಲ್ಲೆಗೆ ಒಂದೇ.

ನಾನು ಕೇಳೋದಿಷ್ಟೇ. ಡಿಸ್ಚಾರ್ಜ್ ಚೀಟಿಯಲ್ಲೇ ಇಂತಿಷ್ಟು ಸಲ ಫಿಸಿಯೋಥೆರಪಿ ಅಂತ ಬರೆಯಿರಿ. ತಾಲ್ಲೂಕು ಆಸ್ಪತ್ರೆಯಲ್ಲಿ ಕೊಡಿ; ಅಲ್ಲಿಲ್ಲದಿದ್ದರೆ ಬೇರೆ ಕಡೆಗೆ ಕಾರ್ಡಿನಿಂದಲೇ ಕಟ್ಟಿ. ಜೀವ ಉಳಿಸೋಕೆ 5 ಲಕ್ಷ ಇಟ್ಟ ಸರ್ಕಾರ, ಆ ಮನುಷ್ಯ ಮತ್ತೆ ಗದ್ದೆಗಿಳಿಯೋಕೆ ಅದರಲ್ಲೇ ಒಂದಿಷ್ಟು ತೆಗೆದಿಡಬಾರದಾ?