ನಿಂತುಹೋದ ಪರಿಮಳದ ಪರೀಕ್ಷೆ

ವಿಲಿಯಂ ಪರ್ಕಿನ್ನನ ಹೆಸರನ್ನು ನಾನು ತರಗತಿಯಲ್ಲಿ ಹೇಳುತ್ತಿದ್ದುದು 1856ರಲ್ಲಿ ಅವನು ತಯಾರಿಸಿದ ಕೃತಕ ನೇರಳೆ ಬಣ್ಣದ ಸಂದರ್ಭದಲ್ಲಿ. ಸುಗಂಧದ ಚರಿತ್ರೆಯಲ್ಲೂ ಅವನಿಗೆ ಸ್ಥಾನವುಂಟು. 1868ರಲ್ಲಿ ಅವನು ಪ್ರಯೋಗಾಲಯದಲ್ಲಿ ಕೂಮರಿನ್ ತಯಾರಿಸಿದ. ಕೊಯ್ದು ಒಣಹಾಕಿದ ಹುಲ್ಲಿನ ಕಂಪು ಅದರದು.

ಪ್ಯಾರಿಸ್ಸಿನ ಊಬಿಗಾನ್ ಸಂಸ್ಥೆಯ ಪಾಲ್ ಪಾರ್ಕೆ 1882ರಲ್ಲಿ ಕೂಮರಿನ್ನನ್ನು ಲ್ಯಾವೆಂಡರ್ ಹಾಗೂ ಓಕ್ ಮರದ ಕಲ್ಲುಹೂವಿನೊಡನೆ ಬೆರೆಸಿ 'ಫೂಜೇರ್ ರಾಯಾಲ್' ರಚಿಸಿದ. ಈ ಕಲ್ಲುಹೂವು ನಮ್ಮ ಮಸಾಲೆ ಡಬ್ಬಿಯ ಕಲ್ಲುಹೂವಿನ ದಾಯಾದಿ. 'ಫೂಜೇರ್' ಎಂದರೆ ಜರೀಗಿಡ. ಅದಕ್ಕೆ ಹೇಳಿಕೊಳ್ಳುವಂಥ ವಾಸನೆಯೇ ಇಲ್ಲ. ಪಾರ್ಕೆ ನಿಸರ್ಗವನ್ನು ಅನುಕರಿಸಲಿಲ್ಲ, ಕಲ್ಪಿಸಿದ. ಗಂಡಸರ ಸುಗಂಧಗಳ ದೊಡ್ಡ ಕುಲವೊಂದಕ್ಕೆ ಇಂದಿಗೂ ಅದೇ ಹೆಸರು. ಕುಲ ಬೆಳೆಯಿತು, ಮೂಲಪುರುಷನ ತಯಾರಿಕೆ ಇಪ್ಪತ್ತನೆಯ ಶತಮಾನದಲ್ಲಿ ನಿಂತಿತು.

ಹಾಗಾದರೆ ಅದರ ಗುಣವನ್ನು ನಿರ್ಣಯಿಸುವುದು ಹೇಗೆ? ಹಳೆಯ ಸೀಸೆ ಪೂರ್ಣ ಸಾಕ್ಷಿಯಲ್ಲ. ಗಾಳಿ, ಬೆಳಕು, ಶಾಖಗಳಿಂದ ನಿಂಬೆ ಜಾತಿಯ ಮೇಲುಗಂಪು ಮೊದಲು ಕೆಡುತ್ತದೆ. ಮುಚ್ಚಳ ತೆರೆದೊಡನೆ ತೀರ್ಪು ಕೊಡುವುದು ಅನ್ಯಾಯ. ಕಾಗದದ ಪಟ್ಟಿಗೆ ಹಚ್ಚಿ, ಕೆಲವು ಗಂಟೆ ಕಾದು, ಉಳಿದ ತಳಗಂಪನ್ನು ಮೂಸಬೇಕು.

1990ರಲ್ಲಿ ವರ್ಸೈಯಲ್ಲಿ ಆರಂಭವಾದ 'ಓಸ್ಮೊಥೆಕ್' ಎಂಬ ಸುಗಂಧ ಭಂಡಾರವು ಮೂಲ ಸೂತ್ರದಂತೆ ಮರಳಿ ತಯಾರಿಸಿದ ಫೂಜೇರ್ ರಾಯಾಲನ್ನು ಕತ್ತಲಲ್ಲಿ, 12 ಡಿಗ್ರಿ ಸೆಲ್ಸಿಯಸ್ಸಿನಲ್ಲಿ, ಆರ್ಗಾನ್ ಅನಿಲದಡಿ ಕಾಪಾಡಿದೆ. 2010ರಲ್ಲಿ ಅದೇ ಹೆಸರು ಹೊಸ ರಚನೆಯಾಗಿ ಮಾರುಕಟ್ಟೆಗೆ ಮರಳಿತು. ಅದನ್ನು ಅಳೆಯಬೇಕಾದದ್ದು ಭಂಡಾರದ ಮಾದರಿಯೊಡನೆ, ಹಳಬರ ಹಂಬಲದೊಡನೆ ಅಲ್ಲ. ಪರಿಮಳ ಗಾಳಿಯ ಪಾಲು. ಬರೆದಿಟ್ಟ ಸೂತ್ರ ಮಾತ್ರ ಚರಿತ್ರೆಯ ಪಾಲು ಎಂಬುದು ನನ್ನ ಅಭಿಪ್ರಾಯ.