ನಮ್ಮ ಕೊಳೆ ಯಾರ ಮನೆಬಾಗಿಲಿಗೆ?

1858ರ ಜೂನ್ ತಿಂಗಳು. ಲಂಡನ್ ನಗರ ಕಡುಬೇಸಿಗೆಯಲ್ಲಿ ಬೇಯುತ್ತಿತ್ತು. ಥೇಮ್ಸ್ ನದಿಯ ದಡದಲ್ಲಿದ್ದ ಬ್ರಿಟಿಷ್ ಸಂಸತ್ ಭವನದ ಕಿಟಕಿಗಳಿಗೆ ಬ್ಲೀಚಿಂಗ್ ಪುಡಿಯ ದ್ರಾವಣದಲ್ಲಿ ಅದ್ದಿದ ಪರದೆಗಳನ್ನು ತೂಗುಬಿಡಲಾಗಿತ್ತು. ಆದರೂ ನದಿಯಿಂದೇಳುತ್ತಿದ್ದ ನಾತವನ್ನು ತಡೆಯಲಾರದೆ ಸದಸ್ಯರು ಮೂಗಿಗೆ ಕರವಸ್ತ್ರ ಹಿಡಿದು ಹೊರನಡೆಯುತ್ತಿದ್ದರು. ಈ ಪ್ರಸಂಗವನ್ನು ಇತಿಹಾಸಕಾರರು ‘ಮಹಾದುರ್ಗಂಧ’ ಎಂದೇ ಕರೆದಿದ್ದಾರೆ.

ಯಾವುದೋ ದೇಶದ ಹಳೆಯ ದುರ್ಗಂಧದ ಕಥೆ ನಮಗೇಕೆ ಎಂದು ನೀವು ಕೇಳಬಹುದು. ಪ್ರಿಯ ಓದುಗರೇ, ಲಂಡನ್ ಒಂದು ಶತಮಾನಕ್ಕೂ ಹೆಚ್ಚು ಕಾಲ ತೆತ್ತು ಕಲಿತ ಪಾಠವನ್ನು ನಮ್ಮ ಊರುಗಳು ಇನ್ನೂ ಕಲಿಯಬೇಕಾಗಿದೆ. ಆದುದರಿಂದ ಆ ಕಥೆಯನ್ನು ಸ್ವಲ್ಪ ವಿವರವಾಗಿಯೇ ನೋಡೋಣ.

ಗುಂಡಿಯಿಂದ ನದಿಗೆ

1801ರಲ್ಲಿ ಲಂಡನ್ನಿನ ಜನಸಂಖ್ಯೆ ಸುಮಾರು 10 ಲಕ್ಷ. 1851ರ ವೇಳೆಗೆ ಅದು 23 ಲಕ್ಷವನ್ನು ದಾಟಿತು. ಅಲ್ಲಿಯವರೆಗೆ ಬಹುತೇಕ ಮನೆಗಳಿಗೆ ಮಲದ ಗುಂಡಿಗಳಿದ್ದವು. ರಾತ್ರಿಯ ವೇಳೆ ಕೂಲಿಯಾಳುಗಳು ಅದನ್ನು ಬರಿದು ಮಾಡಿ, ಹೊರವಲಯದ ರೈತರಿಗೆ ಗೊಬ್ಬರವಾಗಿ ಮಾರುತ್ತಿದ್ದರು. ನೀರು ಸುರಿದು ತೊಳೆಯುವ ಶೌಚಾಲಯಗಳು ಬಂದ ಮೇಲೆ ಗುಂಡಿಗಳು ತುಂಬಿ ಹರಿಯತೊಡಗಿದವು. ದುರ್ವಾಸನೆಯಿಂದಲೇ ರೋಗ ಹರಡುತ್ತದೆ ಎಂಬುದು ಅಂದಿನ ವೈದ್ಯರ ನಂಬಿಕೆ. ಹೀಗಾಗಿ ಮನೆಯ ಕೊಳೆಯನ್ನು ಚರಂಡಿಗಳ ಮೂಲಕ ನೇರವಾಗಿ ಥೇಮ್ಸ್‌ಗೆ ಬಿಡುವುದೇ ಆರೋಗ್ಯ ಸುಧಾರಣೆ ಎನಿಸಿತು. ಮನೆಗಳೇನೋ ಶುಚಿಯಾದವು. ಆದರೆ ಅದೇ ನದಿಯಿಂದ ನೀರೆತ್ತಿ ಮನೆಮನೆಗೆ ಮಾರುವ ಕಂಪನಿಗಳೂ ಇದ್ದವು! 1848-49ರ ಕಾಲರಾ ಲಂಡನ್ನಿನಲ್ಲಿ ಸುಮಾರು 14,000 ಜನರನ್ನು ಬಲಿ ತೆಗೆದುಕೊಂಡಿತು.

1854ರಲ್ಲಿ ಸೋಹೋ ಎಂಬ ಬಡಾವಣೆಯಲ್ಲಿ ಮತ್ತೆ ಕಾಲರಾ ಕಾಣಿಸಿಕೊಂಡಾಗ ಜಾನ್ ಸ್ನೋ ಎಂಬ ವೈದ್ಯರು, ಅದಕ್ಕೆ ಕಾರಣ ಗಾಳಿಯಲ್ಲ, ಬ್ರಾಡ್ ಸ್ಟ್ರೀಟಿನ ಕೈಪಂಪಿನ ನೀರು ಎಂದು ವಾದಿಸಿದರು. ಅವರ ಮಾತಿನಂತೆ ಸೆಪ್ಟೆಂಬರ್ 8ರಂದು ಪಂಪಿನ ಹಿಡಿಯನ್ನು ಕಳಚಲಾಯಿತು. ಆ ಬಡಾವಣೆಯ ಆಂಗ್ಲಿಕನ್ ದೇವಾಲಯದಲ್ಲಿ ಹೆನ್ರಿ ವೈಟ್‌ಹೆಡ್ ಎಂಬ ಯುವ ಸಹಾಯಕ ಗುರುಗಳಿದ್ದರು. ಅವರಿಗೆ ಸ್ನೋ ಅವರ ವಾದದಲ್ಲಿ ನಂಬಿಕೆಯಿರಲಿಲ್ಲ. ಅದನ್ನು ಸುಳ್ಳೆಂದು ತೋರಿಸಲೆಂದೇ ಅವರು ಮನೆಯಿಂದ ಮನೆಗೆ ನಡೆದು, ಸತ್ತವರ ಬಂಧುಗಳನ್ನು ವಿಚಾರಿಸಿದರು. ಎಲ್ಲರನ್ನೂ ಹೆಸರು ಹಿಡಿದು ಬಲ್ಲವರಾದ್ದರಿಂದ ಜನ ಅವರೊಡನೆ ಮುಚ್ಚುಮರೆಯಿಲ್ಲದೆ ಮಾತನಾಡಿದರು. ಕೊನೆಗೆ ಸಿಕ್ಕಿದ್ದು ಸ್ನೋ ಅವರ ಪರವಾದ ಸಾಕ್ಷ್ಯವೇ. ಪಂಪಿನ ಎದುರಿನ ಮನೆಯಲ್ಲಿ ಬೇಧಿಯಿಂದ ಸತ್ತ ಹಸುಗೂಸಿನ ಬಟ್ಟೆ ತೊಳೆದ ನೀರನ್ನು ತಾಯಿ ಮನೆಯ ಮಲದ ಗುಂಡಿಗೆ ಸುರಿದಿದ್ದಳು. ಆ ಗುಂಡಿಗೂ ಬಾವಿಗೂ ನಡುವೆ ಇದ್ದದ್ದು ಮೂರಡಿಗಿಂತ ಕಡಿಮೆ ಅಂತರ, ಇಟ್ಟಿಗೆಗಳು ಶಿಥಿಲವಾಗಿದ್ದವು. ಒಂದು ಮನೆಯ ಕೊಳೆ ಇಡೀ ಬಡಾವಣೆಯ ಕುಡಿಯುವ ನೀರಾಗಿತ್ತು. ಅಲ್ಲಿ ಸತ್ತವರು 600ಕ್ಕೂ ಹೆಚ್ಚು ಮಂದಿ.

ದೂರ ಸಾಗಿಸಿದರೆ ಸಾಕೇ?

ಬಡವರ ಸಾವಿಗೆ ಕದಲದ ಸಂಸತ್ತು ತನ್ನ ಕಿಟಕಿಗೇ ನಾತ ಬಡಿದಾಗ ಎಚ್ಚೆತ್ತುಕೊಂಡಿತು. 1858ರ ಆಗಸ್ಟ್ 2ರಂದು ಹೊಸ ಕಾಯಿದೆ ಜಾರಿಯಾಯಿತು. ಹಣಕ್ಕಾಗಿ ಕಾದು ಕುಳಿತಿದ್ದ ಜೋಸೆಫ್ ಬ್ಯಾಜಲ್‌ಗೆಟ್ ಎಂಬ ಎಂಜಿನಿಯರರ ಯೋಜನೆ ಕಾರ್ಯಗತವಾಯಿತು. ನದಿಗೆ ಸಮಾನಾಂತರವಾಗಿ ಸುಮಾರು 132 ಕಿಲೋಮೀಟರ್ ಉದ್ದದ ಇಟ್ಟಿಗೆಯ ಮಹಾ ಒಳಚರಂಡಿಗಳು ನಿರ್ಮಾಣಗೊಂಡು, ಬೀದಿ ಚರಂಡಿಗಳ ಕೊಳಚೆಯನ್ನು ನಗರದೊಳಗಿನ ನದಿಗೆ ಸೇರುವ ಮುನ್ನವೇ ತಡೆದು ಪೂರ್ವಕ್ಕೆ ಒಯ್ದವು. 1866ರಲ್ಲಿ ಕಾಲರಾ ಮತ್ತೆ ಬಂದಾಗ, ಅದರ ಹೊಡೆತ ಮುಖ್ಯವಾಗಿ ಬಿದ್ದದ್ದು ಈ ಕಾಮಗಾರಿ ಇನ್ನೂ ಮುಗಿಯದಿದ್ದ ಪೂರ್ವ ಲಂಡನ್ನಿನ ಮೇಲೆ.

ಇದು ಮಹತ್ಸಾಧನೆಯೇ ಸರಿ. ಆದರೆ ಒಂದು ಕೊರತೆ ಉಳಿಯಿತು: ಕೊಳಚೆ ಶುದ್ಧವಾಗಿರಲಿಲ್ಲ, ಊರಾಚೆಗೆ ಹೋಗಿತ್ತು ಅಷ್ಟೆ. ಬೆಕ್ಟನ್ ಮತ್ತು ಕ್ರಾಸ್‌ನೆಸ್ ಎಂಬಲ್ಲಿ ಅದನ್ನು ಕೂಡಿಟ್ಟು, ಸಮುದ್ರದ ಇಳಿತದ ಹೊತ್ತಿಗೆ ಹಾಗೆಯೇ ನದಿಗೆ ಬಿಡಲಾಗುತ್ತಿತ್ತು. ಕೆಳಗಿನ ಊರಿನವರು ದೂರಿದರೂ ಯಾರೂ ಕಿವಿಗೊಡಲಿಲ್ಲ. 1878ರ ಸೆಪ್ಟೆಂಬರ್ 3ರ ಸಂಜೆ, ವಿಹಾರ ಮುಗಿಸಿ ಮರಳುತ್ತಿದ್ದ ಕುಟುಂಬಗಳನ್ನು ಹೊತ್ತ ‘ಪ್ರಿನ್ಸೆಸ್ ಆಲಿಸ್’ ಎಂಬ ಹಬೆದೋಣಿ, ಕೊಳಚೆ ಹೊರಬೀಳುವ ಆ ಜಾಗದ ಸಮೀಪದಲ್ಲೇ ಇನ್ನೊಂದು ಹಡಗಿಗೆ ಡಿಕ್ಕಿಯಾಗಿ ಮುಳುಗಿತು. 600ಕ್ಕೂ ಹೆಚ್ಚು ಜನ ಆ ಹೊಲಸು ನೀರಿನಲ್ಲಿ ಪ್ರಾಣಬಿಟ್ಟರು. ಈ ದುರಂತದ ನಂತರವೇ ‘ದೂರ ಸಾಗಿಸಿದರೆ ಸಾಲದು, ಶುದ್ಧೀಕರಿಸಬೇಕು’ ಎಂಬ ಮಾತಿಗೆ ಬಲ ಬಂದದ್ದು. 1880ರ ದಶಕದ ಕೊನೆಯಲ್ಲಿ ಸುಣ್ಣ ಮತ್ತು ಕಬ್ಬಿಣದ ಲವಣ ಬೆರೆಸಿ ಗಸಿಯನ್ನು ಬೇರ್ಪಡಿಸುವ ಕೆಲಸ ಆರಂಭವಾಯಿತು. ಆ ಗಸಿಯನ್ನಾದರೂ ಹಡಗಿನಲ್ಲಿ ಒಯ್ದು ಸಮುದ್ರಕ್ಕೆ ಸುರಿದರು. ಈ ಪದ್ಧತಿ ನಿಂತದ್ದು 1998ರಲ್ಲಿ!

ಕೊಳಚೆಗೆ ಹೆಪ್ಪು

ನಿಜವಾದ ಶುದ್ಧೀಕರಣದ ದಾರಿ ತೆರೆದುಕೊಂಡದ್ದು ಮ್ಯಾಂಚೆಸ್ಟರ್ ನಗರದಲ್ಲಿ. ಅಲ್ಲಿ ಸಲಹೆಗಾರರಾಗಿದ್ದ ರಸಾಯನಶಾಸ್ತ್ರಜ್ಞ ಗಿಲ್ಬರ್ಟ್ ಫೌಲರ್ ಅವರ ಪ್ರೇರಣೆಯಿಂದ ಆರ್ಡರ್ನ್ ಮತ್ತು ಲಾಕೆಟ್ ಎಂಬಿಬ್ಬರು ಕೊಳಚೆ ನೀರಿಗೆ ಗಾಳಿ ಊದಿ ಪ್ರಯೋಗ ನಡೆಸಿದರು. ಮೊದಲ ಸಲ ನೀರು ತಿಳಿಯಾಗಲು ಸುಮಾರು ಐದು ವಾರ ಹಿಡಿಯಿತು. ಅವರು ತಳದ ಗಸಿಯನ್ನು ಚೆಲ್ಲದೆ, ಅದರ ಮೇಲೆ ಹೊಸ ಕೊಳಚೆ ಸುರಿದು ಮತ್ತೆ ಗಾಳಿ ಊದಿದರು. ಹೀಗೆ ಮಾಡುತ್ತಾ ಹೋದಂತೆ, ಐದು ವಾರದ ಕೆಲಸ ಒಂದು ದಿನದೊಳಗೆ ಮುಗಿಯತೊಡಗಿತು. ನಮ್ಮ ಮನೆಗಳಲ್ಲಿ ನಿನ್ನೆಯ ಮೊಸರನ್ನೇ ಇಂದಿನ ಹಾಲಿಗೆ ಹೆಪ್ಪು ಹಾಕುವುದಿಲ್ಲವೇ? ಹಾಗೆಯೇ ಆ ಗಸಿಯಲ್ಲಿದ್ದ ಕೋಟ್ಯಂತರ ಸೂಕ್ಷ್ಮಜೀವಿಗಳು ಹೊಸ ಕೊಳೆಯನ್ನು ತಿಂದು ಜೀರ್ಣಿಸಿದವು. 1914ರಲ್ಲಿ ಪ್ರಕಟವಾದ ಈ ವಿಧಾನವೇ ಜಗತ್ತಿನ ಅಸಂಖ್ಯ ಶುದ್ಧೀಕರಣ ಘಟಕಗಳಿಗೆ ಇಂದಿಗೂ ಆಧಾರ.

ಆದರೂ ಥೇಮ್ಸ್ ಕೂಡಲೇ ಉಳಿಯಲಿಲ್ಲ. ಬೆಳೆಯುವ ನಗರಕ್ಕೆ ತಕ್ಕಂತೆ ಘಟಕಗಳು ಬೆಳೆಯದ ಕಾರಣ, 1957ರಲ್ಲಿ ಲಂಡನ್ನಿನ ಪ್ರಾಕೃತಿಕ ಇತಿಹಾಸ ವಸ್ತುಸಂಗ್ರಹಾಲಯವು ನಗರದೊಳಗಿನ ನದಿಯನ್ನು ಜೀವ ಸತ್ತ ನದಿಯೆಂದು ಸಾರಿತು. ಬಳಿಕ ಘಟಕಗಳನ್ನು ವಿಸ್ತರಿಸಿದಾಗ 1974ರಲ್ಲಿ ಅಲ್ಲಿ ಸಾಲ್ಮನ್ ಮೀನು ಮತ್ತೆ ಕಾಣಿಸಿತು. ಮಳೆ ಬಂದಾಗ ಉಕ್ಕುವ ಕೊಳಚೆಯನ್ನು ಹಿಡಿದಿಡಲು ನಿರ್ಮಿಸಿದ 25 ಕಿಲೋಮೀಟರ್ ಉದ್ದದ ಹೊಸ ಸುರಂಗ ಪೂರ್ಣವಾಗಿ ಜೋಡಣೆಗೊಂಡದ್ದು 2025ರಲ್ಲಿ. ನದಿಯ ಆರೈಕೆ ಒಂದು ತಲೆಮಾರಿಗೆ ಮುಗಿಯುವ ಕೆಲಸವಲ್ಲ.

ನಮ್ಮ ವೃಷಭಾವತಿ

ಈಗ ನಮ್ಮ ನಾಡಿಗೆ ಬರೋಣ. ಮೇಲೆ ಹೇಳಿದ ಗಿಲ್ಬರ್ಟ್ ಫೌಲರ್ 1916ರಲ್ಲಿ ಪ್ರಾಧ್ಯಾಪಕರಾಗಿ ಬಂದು ಸೇರಿದ್ದು ಬೇರೆಲ್ಲಿಗೂ ಅಲ್ಲ, ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ. ಹೊಸ ವಿಧಾನದ ಹುಟ್ಟಿಗೆ ಪ್ರೇರಕರಾದವರೇ ಎರಡು ವರ್ಷದೊಳಗೆ ನಮ್ಮ ನಡುವೆ ಇದ್ದರು! ಆದರೆ ಅದೇ ನಗರದ ಬಸವನಗುಡಿಯ ಬಳಿ ಹುಟ್ಟುವ ವೃಷಭಾವತಿಗೆ ಏನಾಯಿತೆಂದು ನೀವು ಬಲ್ಲಿರಿ. ಮೈಸೂರು ರಸ್ತೆಯಲ್ಲಿ ಬಸ್ಸಿನ ಕಿಟಕಿ ಮುಚ್ಚಿದವರು ಅದನ್ನು ಕಣ್ಣಿಗಿಂತ ಮೊದಲು ಮೂಗಿನಿಂದಲೇ ಗುರುತಿಸುತ್ತಾರೆ. ಆ ನೀರು ಕೆಂಗೇರಿ ದಾಟಿ ಬೈರಮಂಗಲದ ಕೆರೆಗೆ ಇಳಿಯುತ್ತದೆ, ಅರ್ಕಾವತಿಯನ್ನು ಸೇರುತ್ತದೆ, ಸಂಗಮದಲ್ಲಿ ಕಾವೇರಿಗೆ ಬೀಳುತ್ತದೆ. ಸುಮಾರು ನೂರು ಕಿಲೋಮೀಟರ್ ದೂರದಿಂದ, ಐನೂರು ಮೀಟರ್ ಎತ್ತರಕ್ಕೆ ವಿದ್ಯುತ್ ಸುರಿದು ಏರಿಸಿ ತಂದ ಕಾವೇರಿ ನೀರನ್ನು ನಾವು ಕಾವೇರಿಗೆ ಹಿಂದಿರುಗಿಸುವ ಬಗೆ ಇದು. ನಗರದ ಇನ್ನೊಂದು ಬದಿಯ ಬೆಳ್ಳಂದೂರು ಕೆರೆಯಂತೂ ನೊರೆಯುಕ್ಕಿಸಿದ್ದಲ್ಲದೆ 2015, 2017 ಮತ್ತು 2018ರಲ್ಲಿ ಹೊತ್ತಿ ಉರಿಯಿತು.

ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ 2021ರ ವರದಿಯಂತೆ, ಭಾರತದ ನಗರಗಳಲ್ಲಿ ದಿನಕ್ಕೆ ಸುಮಾರು 7,237 ಕೋಟಿ ಲೀಟರ್ ಕೊಳಚೆ ನೀರು ಹುಟ್ಟುತ್ತದೆ. ಅದರಲ್ಲಿ ನಿಜವಾಗಿ ಶುದ್ಧೀಕರಣಗೊಳ್ಳುತ್ತಿದ್ದದ್ದು ಸುಮಾರು 2,024 ಕೋಟಿ ಲೀಟರ್ ಮಾತ್ರ. ಕಟ್ಟಿದ ಘಟಕಗಳ ಸಾಮರ್ಥ್ಯವಾದರೋ 3,184 ಕೋಟಿ ಲೀಟರ್ ಇತ್ತು. ಅಂದರೆ ಘಟಕಗಳು ಸಾಲವು. ಇರುವ ಘಟಕಗಳೂ ಪೂರ್ತಿ ದುಡಿಯುತ್ತಿಲ್ಲ. ಮನೆಯ ಕೊಳವೆ ಒಳಚರಂಡಿಗೆ ಸೇರದೆ ರಾಜಕಾಲುವೆಗೆ ಸೇರಿದರೆ ಘಟಕವಿದ್ದೂ ಪ್ರಯೋಜನವೇನು?

ಇದನ್ನು ಸರ್ಕಾರದ ಕೆಲಸವೆಂದು ಬಿಟ್ಟುಬಿಡಲು ಮನಸ್ಸಾಗುತ್ತದೆ. ದೊಡ್ಡ ಕೆಲಸ ಸರ್ಕಾರದ್ದೇ, ಅದನ್ನು ಒತ್ತಾಯಿಸಿ ಕೇಳುವ ಹಕ್ಕೂ ನಮ್ಮದೇ. ಆದರೆ ಕೆಲವು ಪ್ರಶ್ನೆಗಳಿಗೆ ಉತ್ತರ ಹೇಳಬೇಕಾದವರು ನಾವು. ನಿಮ್ಮ ಬಚ್ಚಲಿನ ನೀರು ಎಲ್ಲಿಗೆ ಹೋಗುತ್ತದೆ? ಶೌಚಗುಂಡಿ ಬರಿದು ಮಾಡಿದ ಟ್ಯಾಂಕರ್ ಅದನ್ನು ಎಲ್ಲಿ ಸುರಿಯಿತು? ನೀವಿರುವ ಅಪಾರ್ಟ್‌ಮೆಂಟಿನ ಶುದ್ಧೀಕರಣ ಘಟಕ ವಿದ್ಯುತ್ ಉಳಿಸಲೆಂದು ರಾತ್ರಿ ನಿಲ್ಲುತ್ತದೆಯೇ? ನಮ್ಮ ಧರ್ಮಕೇಂದ್ರದ ಸಭಾಭವನ, ಶಾಲೆ, ವಿದ್ಯಾರ್ಥಿನಿಲಯಗಳ ಚರಂಡಿ ಯಾವ ಹಳ್ಳಕ್ಕೆ ಕೂಡುತ್ತದೆ?

ನದಿಯ ದಡದಲ್ಲಿ ಪ್ರತಿಯೊಂದು ಊರಿಗೂ ಕೆಳಗೆ ಮತ್ತೊಂದು ಊರಿದೆ. ಬೈರಮಂಗಲದ ರೈತ ನಾವು ಬಿಟ್ಟ ನೀರಿನಲ್ಲೇ ಕಾಲಿಟ್ಟು ಬೆಳೆ ತೆಗೆಯುತ್ತಾನೆ; ಆ ಬೆಳೆ ನಮ್ಮ ಸಂತೆಗೇ ಮರಳುತ್ತದೆ. ನಮ್ಮ ನೆರೆಯವನು ಯಾರೆಂದು ಹುಡುಕಲು ದೂರ ಹೋಗಬೇಕಾಗಿಲ್ಲ. ಬರುವ ಧರ್ಮಕೇಂದ್ರ ಸಭೆಯಲ್ಲಿ ಹೆನ್ರಿ ವೈಟ್‌ಹೆಡ್ ಅವರಂತೆ ಮನೆಮನೆಗೆ ಹೋಗಿ ವಿಚಾರಿಸಬಲ್ಲ ನಾಲ್ಕು ಜನ ಮುಂದೆ ಬಂದರೆ, ನಮ್ಮ ಬೀದಿಯ ಕೊಳಚೆ ಎಲ್ಲಿಗೆ ಸೇರುತ್ತಿದೆ ಎಂಬುದು ಒಂದೇ ವಾರದಲ್ಲಿ ತಿಳಿಯುತ್ತದೆ. ಆ ಉತ್ತರವನ್ನು ಕೈಯಲ್ಲಿ ಹಿಡಿದು ನಗರಸಭೆಯ ಬಾಗಿಲು ತಟ್ಟೋಣ.